ಗಾವ್ರಾ ಕೊಂಡೊಯ್ದ ಬೆಸ ಸಂಖ್ಯೆಗಳು

ಮಿಲೆಂಕೊ ಸತ್ತ ನಲವತ್ತನೆಯ ದಿನ ರಾದೊಯ್ಕಾ ಗಂಡನ ವಸ್ತುಗಳನ್ನು ಹಂಚಿದಳು. ಉಣ್ಣೆ ಕೋಟು ಪಕ್ಕದ ಮನೆಯವನಿಗೆ ಹೋಯಿತು, ಬೂಟು ಗುಂಡಿ ತೋಡಿದವನಿಗೆ. ಸತ್ತವನ ಆತ್ಮಕ್ಕೆಂದು ಕೊಟ್ಟದ್ದನ್ನು ಆ ಊರಿನಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಹಗೆಯವನೂ ಅನ್ನುವುದಿಲ್ಲ. ಅವಳು ಅದನ್ನೇ ನೆಚ್ಚಿಕೊಂಡಿದ್ದಳು. ಉಳಿದದ್ದು ಒಂದು ರಟ್ಟಿನ ಪೆಟ್ಟಿಗೆ. ಅದು ಸೇರಬೇಕಾದದ್ದು ಗಾವ್ರಾನಿಗೆ. ಗಾವ್ರಾ ಆ ಮನೆಯ ಜತೆ ಮಾತು ಬಿಟ್ಟು ಒಂದು ತಲೆಮಾರೇ ಕಳೆದಿತ್ತು.

ಪೆಟ್ಟಿಗೆಯಲ್ಲಿದ್ದದ್ದು ಚಿತ್ರಕಥೆ ಪುಸ್ತಕಗಳು. ಮಿಲೆಂಕೊ, ಗಾವ್ರಾ ಇಬ್ಬರೂ ತಿಸಾ ನದಿಯ ದಂಡೆಯ ಹೆಂಚಿನ ಕಾರ್ಖಾನೆಯ ಕೂಲಿಗಳ ಮಕ್ಕಳು. ಸ್ಟೇಷನ್ ಎದುರಿನ ಪೇಪರ್ ಅಂಗಡಿಗೆ ವಾರಕ್ಕೊಂದು ಸಂಚಿಕೆ ಬರುತ್ತಿತ್ತು, ಒಬ್ಬ ಹಡಗಿನ ಕಪ್ತಾನನ ಕಥೆ. ಪ್ರತಿ ವಾರ ಕೊಳ್ಳುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಹಾಗಾಗಿ ಒಂದು ವಾರ ಗಾವ್ರಾ ಕೊಳ್ಳುತ್ತಿದ್ದ, ಮರುವಾರ ಮಿಲೆಂಕೊ. ಬೆಸ ಸಂಖ್ಯೆ ಅವನದು, ಸರಿ ಸಂಖ್ಯೆ ಇವನದು. ಚಳಿಗಾಲದಲ್ಲಿ ಹೆಂಚು ಸುಡುವ ಗೂಡಿನ ಬೆಚ್ಚನೆಯ ಗೋಡೆಗೆ ಬೆನ್ನು ಕೊಟ್ಟು ಒಟ್ಟಿಗೆ ಓದುತ್ತಿದ್ದರು. ಪುಟಗಳ ಅಂಚಿನಲ್ಲಿ ಈಗಲೂ ಹೆಂಚಿನ ಧೂಳು ಮೆತ್ತಿದ ಇಬ್ಬರ ಹೆಬ್ಬೆರಳಿನ ಕೆಂಪು ಗುರುತಿದೆ.

ದೊಡ್ಡವರಾದ ಮೇಲೆ ಒಬ್ಬನ ಮದುವೆಗೆ ಇನ್ನೊಬ್ಬ ಕೂಮ್ ಆಗಿ ನಿಲ್ಲಬೇಕು ಎಂದು ಆ ಗೋಡೆಯ ಬಳಿಯೇ ಮಾತಾಗಿತ್ತು. ಕೂಮ್ ಅಂದರೆ ಮದುವೆಗೆ ಸಾಕ್ಷಿ ನಿಲ್ಲುವವನು, ಸಾಯುವ ತನಕ ಒಡಹುಟ್ಟಿದವನಿಗಿಂತ ಒಂದು ಕೈ ಹೆಚ್ಚು. ಮಿಲೆಂಕೊನ ಮದುವೆ ಬಂದಾಗ ರಾದೊಯ್ಕಾಳ ಅಪ್ಪ ಅಡ್ಡ ಬಂದ. ಹೆಂಚು ಹೊರುವವನು ನಮಗೆ ಕೂಮ್ ಆಗುವುದೇ, ಕಾರ್ಖಾನೆಯ ಮ್ಯಾನೇಜರನ್ನು ಕರೆಯೋಣ, ಮುಂದೆ ಅಳಿಯನಿಗೇ ಒಳ್ಳೆಯದಾಗುತ್ತದೆ ಎಂದ. ರಾದೊಯ್ಕಾ ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಅವಳಿಗೂ ಮ್ಯಾನೇಜರ ಕಾರು ಮದುವೆಯ ಮೆರವಣಿಗೆಯ ಮುಂದೆ ಹೋಗಬೇಕಿತ್ತು. ಮದುವೆಯ ಹಿಂದಿನ ದಿನ ಗಾವ್ರಾ ಮಿಲೆಂಕೊನ ಮನೆಗೆ ಬಂದು, ಕೂರದೆ, ತನ್ನ ಬೆಸ ಸಂಖ್ಯೆಯ ಪುಸ್ತಕಗಳನ್ನು ಆರಿಸಿಕೊಂಡು ಹೋದ. ಮ್ಯಾನೇಜರು ಎರಡು ವರ್ಷಕ್ಕೆ ವರ್ಗವಾಗಿ ಹೋದವನು ಈ ಕಡೆ ತಲೆ ಹಾಕಲಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಮಿಲೆಂಕೊ ಕೊಟ್ಟಿಗೆಯ ಒಡೆದ ಹೆಂಚು ಬದಲಿಸಲು ಹತ್ತಿದಾಗ ಅಟ್ಟದ ಮೂಲೆಯಲ್ಲಿ ಈ ಪೆಟ್ಟಿಗೆ ಸಿಕ್ಕಿತು. ಹೆಂಚು ಅಲ್ಲೇ ಬಿಟ್ಟು ಇಳಿದ. ಅಂಗಳದಲ್ಲಿ ರಾದೊಯ್ಕಾ ಸುಟ್ಟ ಕೆಂಪು ದೊಣ್ಣೆ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದಳು, ಚಳಿಗಾಲಕ್ಕೆ ಬಾಟಲಿ ತುಂಬಲು. ಅವನು ಎದುರಿಗೆ ಕೂತು ಓದತೊಡಗಿದ. ಒಂದು ಸಂಚಿಕೆ ಇದ್ದರೆ ಮುಂದಿನದಿಲ್ಲ. ನಲವತ್ತನೆಯ ಸಂಚಿಕೆಯ ಕೊನೆಯಲ್ಲಿ ಕಪ್ತಾನ ಉರಿಯುವ ಸೇತುವೆಯಿಂದ ಹಗ್ಗ ಹಿಡಿದು ನೇತಾಡುತ್ತಾನೆ. ನಲವತ್ತೆರಡರಲ್ಲಿ ಹಡಗಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಾನೆ. ನಡುವೆ ಏನಾಯಿತೋ ಅವನಿಗೆ ಮರೆತುಹೋಗಿತ್ತು. ತಾನೇ ಕಟ್ಟಿ ಹೇಳಿದ.

"ಕೆಳಗೆ ನಿನ್ನಂಥವಳೊಬ್ಬಳು ಬಟ್ಟೆ ಒಗೀತಿದ್ಲು ಕಣೆ. ಒದ್ದೆ ಹೊದಿಕೆ ಹರವಿ ಅವನನ್ನ ಹಿಡ್ಕೊಂಡ್ಲು."

"ನನ್ನಂಥವಳಾಗಿದ್ರೆ ಬೀಳು ಅಂತ ಬಿಟ್ಟುಬಿಡ್ತಿದ್ಲು," ಎಂದಳು ಅವಳು.

ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ವಾರವೆಲ್ಲ ಹೀಗೇ ಇಲ್ಲದ ಸಂಚಿಕೆಗಳ ಕಥೆ ಹೇಳಿದ. ಮೊಮ್ಮಕ್ಕಳಿಗೆ ಹೇಳು ಹೋಗು, ನನಗೆ ಕೆಲಸ ಇದೆ ಎಂದು ಅವಳು ಗದರಿದಳು. ಒಂದು ಸಂಜೆ ಅವನು, ಗಾವ್ರಾನ ಮನೆಗೆ ಹೋಗಿ ಬರಲೇ ಎಂದು ಕೇಳಿದ. ಬಿಟ್ಟು ಹೋದವನು ಅವನು, ಅವನೇ ಬರಲಿ ಎಂದಳು. ಮಿಲೆಂಕೊ ಹೋಗಲಿಲ್ಲ. ನವೆಂಬರಿನಲ್ಲಿ ಸೌದೆ ಒಡೆಯುತ್ತಿದ್ದವನು ಕೊಡಲಿ ಹಿಡಿದೇ ಕುಸಿದ. ಮಣ್ಣು ಮಾಡುವ ದಿನ ಗಾವ್ರಾ ಸ್ಮಶಾನದ ಬೇಲಿಯ ಹೊರಗೆ, ಕೈಯಲ್ಲಿ ಟೋಪಿ ಹಿಡಿದು ನಿಂತಿದ್ದ. ಒಳಗೆ ಬರಲಿಲ್ಲ. ಅವಳೂ ಕರೆಯಲಿಲ್ಲ.

ಈಗ ಅವಳಿಗಿದ್ದ ಆಸೆ ಒಂದೇ. ಅವನ ಅರ್ಧ ಇವನ ಅರ್ಧವನ್ನು ಸೇರಲಿ, ನಡುವೆ ಏನಾಯಿತೆಂದು ಗೋರಿಯ ಬಳಿ ಹೋಗಿ ಹೇಳುವಷ್ಟಾದರೂ ತನಗೆ ಗೊತ್ತಾಗಲಿ. ಸಕ್ಕರೆ, ಆಕ್ರೋಟು ಬೆರೆಸಿದ ಬೇಯಿಸಿದ ಗೋಧಿ, ಸತ್ತವರ ಹೆಸರಿನಲ್ಲಿ ಹಂಚುವಂಥದ್ದು, ಒಂದು ಬಟ್ಟಲು, ಪೆಟ್ಟಿಗೆ, ಎರಡನ್ನೂ ಹೊತ್ತು ಹಿಮದಲ್ಲಿ ನಡೆದಳು.

ಗಾವ್ರಾ ಬಾಗಿಲು ತೆರೆದ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ.

"ಮಿಲೆಂಕೊನ ಆತ್ಮಕ್ಕೆ," ಎಂದಳು.

"ದೇವರು ಅವನನ್ನ ಕ್ಷಮಿಸ್ಲಿ," ಎಂದು ಸತ್ತವರಿಗೆ ಹೇಳುವ ವಾಡಿಕೆಯ ಮಾತು ಹೇಳಿ ಎರಡೂ ಕೈ ಚಾಚಿ ತಗೊಂಡ. "ಒಳಗೆ ಬನ್ನಿ ಅತ್ತಿಗೆ."

ಎಂದೂ ಅವಳನ್ನು ಅವನು ಹಾಗೆ ಕರೆದಿರಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚಿದ. ಮೊದಲ ಪುಸ್ತಕ ನೋಡಿದವನೇ ಎದ್ದು ಒಲೆಯ ಕಡೆ ಮುಖ ಮಾಡಿ ನಿಂತ. ನಿಮ್ಮದನ್ನೂ ತನ್ನಿ, ಜೋಡಿಸೋಣ ಎಂದಳು ರಾದೊಯ್ಕಾ.

"ನನ್ನ ಹತ್ರ ಇಲ್ಲ. ನಿಮ್ಮ ಮದುವೆ ರಾತ್ರೀನೇ ಒಲೆಗೆ ಹಾಕ್ದೆ. ಬ್ಯಾಂಡು ಕೇಳಿಸ್ತಿತ್ತು."

ಸಿಟ್ಟು ಒಂದೇ ವರ್ಷಕ್ಕೆ ಇಳಿದಿತ್ತಂತೆ. ಆದರೆ ರಾಜಿಯಾದರೆ ಮಿಲೆಂಕೊ ಮೊದಲು ಕೇಳುವುದೇ ಆ ಪುಸ್ತಕಗಳನ್ನು, ಆಗ ಏನು ಹೇಳುವುದು? ಬೀದಿಯಲ್ಲಿ ಅವನನ್ನು ಕಂಡರೆ ತಲೆ ತಗ್ಗಿಸಿ ದಾಟಿಹೋಗುತ್ತಿದ್ದದ್ದು ಅದಕ್ಕೇ. ಮಿಲೆಂಕೊ, ರಾದೊಯ್ಕಾ ಇಬ್ಬರೂ ಅದನ್ನು ಸೊಕ್ಕು ಅಂದುಕೊಂಡಿದ್ದರು.

ರಾದೊಯ್ಕಾಳಿಗೆ ಬೈಯಲು ಬಾಯಿ ಬರಲಿಲ್ಲ. ಬೈಯುವುದಾದರೆ ಕಾರಿಗೆ ಆಸೆ ಪಟ್ಟವಳಿಂದ ಶುರು ಮಾಡಬೇಕಿತ್ತು. ಇಬ್ಬರೂ ಗೋಧಿ ತಿಂದರು. ಗಾವ್ರಾ ಕನ್ನಡಕ ಹಾಕಿಕೊಂಡು ನಲವತ್ತನೆಯ ಸಂಚಿಕೆಯನ್ನು ಕೊನೆಯವರೆಗೂ ಓದಿದ. ಆಮೇಲೇನು ಅಂತ ತನಗೂ ನೆನಪಿಲ್ಲ ಎಂದ. ಅವಳು ಬಟ್ಟೆ ಒಗೆಯುವವಳ ಕಥೆ ಹೇಳಿದಳು. ತಾನು ಕೊಟ್ಟ ಉತ್ತರವನ್ನೂ ಹೇಳಿದಳು. ಗಾವ್ರಾ ನಕ್ಕ, ಮಿಲೆಂಕೊ ಅಂದರೆ ಮಿಲೆಂಕೊನೇ ಎಂದು ಮೇಜು ತಟ್ಟಿದ. ನಲವತ್ತೆರಡನ್ನು ಓದಿ ಮುಗಿಸಿ ಕನ್ನಡಕದ ಮೇಲಿಂದ ನೋಡಿದ.

"ನಲವತ್ಮೂರಕ್ಕೆ ಏನ್ ಹೇಳಿದ?"

"ಹೇಳಿದ್ದ. ಎಲ್ಲಾದಕ್ಕೂ ಹೇಳಿದ್ದ. ನಾನು ಮೆಣಸಿನಕಾಯಿ ಸುಲೀತಿದ್ದೆ. ಕೇಳಿಸ್ಕೊಳ್ಳಲಿಲ್ಲ."

ಗಾವ್ರಾ ಮುಂದಿನದನ್ನು ಎತ್ತಿಕೊಂಡ. ನಲವತ್ತನಾಲ್ಕರಲ್ಲಿ ಕಪ್ತಾನನ ಎಡಗೈಗೆ ದಪ್ಪ ಪಟ್ಟಿ ಸುತ್ತಿತ್ತು. ಆ ಗಾಯ ಎಲ್ಲಿ ಆಯಿತೆಂದು ಹೇಳುವವರು ಯಾರೂ ಇರಲಿಲ್ಲ.