ಕಾಯಿ ಬಿಡದ ಗಿಡ

ಮನೆ ಹಿತ್ತಲಲ್ಲಿ ಹಣ್ಣಿನ ತೋಟ ಮಾಡಿಕೊಡುವುದು ನನ್ನ ಕೆಲಸ. ಘೋಡಗೇರಿಯ ನಿವೃತ್ತ ಮಾಸ್ತರರೊಬ್ಬರು ಕರೆಸಿದ್ದರು. ಅವರ ಪೇರಲ, ನುಗ್ಗೆ, ಸೀತಾಫಲಗಳ ನಡುವೆ ಎರಡು ಕ್ರಿಸ್ಮಸ್ ಗಿಡ ಮನೆಯೆತ್ತರ ಬೆಳೆದಿದ್ದವು.

"ಇವು ಪರದೇಶದ ಗಿಡಾರಿ. ಕಾಯಿಲ್ಲ, ಹಣ್ಣಿಲ್ಲ. ತಗದ್ರ ಎರಡು ಮಾವಿನ ಗಿಡಕ್ಕ ಜಾಗಾ ಆಗತೈತಿ," ಎಂದೆ. ಮಾಸ್ತರರು ಒಪ್ಪಿ ತಲೆಯಾಡಿಸಿದರು.

ಆ ಗಿಡಗಳನ್ನು ನೆಟ್ಟಿದ್ದ ಅವರ ಹೆಂಡತಿ ಚಹಾ ಕೊಡುತ್ತ ನಿಧಾನವಾಗಿ ಕೇಳಿದರು: "ಕಾಯಿ ಬಿಡಂಗಿಲ್ಲ ಅಂತ ತಗಿಯೂದಾದ್ರ, ನಮ್ಮ ಮನಿಯವರೂ ರಿಟೈರ್ ಆದಮ್ಯಾಲೆ ಸುಮ್ನ ಕುಂತಾರ. ಅವರನ್ನೇನ ಮಾಡೂಣ್ರಿ?"

ಮಾಸ್ತರರೇ ಮೊದಲು ನಕ್ಕರು. "ಇರ್ಲಿ ಬಿಡ್ರಿ. ಅವುಗಳ ನೆರಳಿಗೆ ಅರಿಶಿಣ ಹಾಕೂಣು," ಎಂದರು.

ಅರಿಶಿಣದ ಮಡಿಗಳನ್ನೆಲ್ಲ ಮಾಸ್ತರರೇ ಅಗೆದರು. ನನಗೆ ಸಲಿಕೆ ಮುಟ್ಟಲೂ ಬಿಡಲಿಲ್ಲ.