ಮಾಮನ ಕರೆಂಟು ಬೀಡಿ

ನಮ್ಮ ಸೋದರಮಾವ ತನ್ನ ಜನ್ಮದಲ್ಲಿ ಬೀಡಿ ಬಿಟ್ಟದ್ದು ಒಂದೇ ಸಲ. ಚೆಂಡುಹೂವಿನ ಪೈರು ನೆಟ್ಟ ಹೊತ್ತಿನಲ್ಲಿ ಬಿಟ್ಟವನು, ಹೂವು ಕೊಯ್ದು ಮುಗಿಯುವಷ್ಟರಲ್ಲಿ ಆಸ್ಪತ್ರೆ ಸೇರಿದ್ದ. ಊರಿನವರು ಇದನ್ನು ನಗುತ್ತಾ ಹೇಳುತ್ತಾರೆ. ನಾನೂ ನಗುತ್ತಲೇ ಶುರು ಮಾಡುವವಳು. ಕೊನೆಯವರೆಗೆ ನಗಲು ಮಾತ್ರ ಈವರೆಗೆ ಆಗಿಲ್ಲ.

ನಾನು ತೆರಕಣಾಂಬಿಯಲ್ಲಿ ಮಾಮ ಮತ್ತು ಅತ್ತೆಯ ಮನೆಯಲ್ಲೇ ಬೆಳೆದವಳು. ನನಗೆ ಮಾತು ಕಲಿಸಿದವರು ಅವರಿಬ್ಬರು. ಮಾಮ ಒಂದು ಸಣ್ಣ ವಿಷಯ ಹೇಳಬೇಕಾದರೂ ಸಂತೆಮರಹಳ್ಳಿ ಸುತ್ತಿಕೊಂಡು ಬರುತ್ತಿದ್ದ. ಅತ್ತೆ ಅದನ್ನೇ ಸಾಸಿವೆ ಸಿಡಿಯುವಷ್ಟರಲ್ಲಿ ಹೇಳಿ ಮುಗಿಸುತ್ತಿದ್ದಳು. ಆ ವರ್ಷಗಳಲ್ಲಿ ನನಗೆ ಚಾಮರಾಜನಗರದ ಒಂದು ಕಚೇರಿಯಲ್ಲಿ ಕೆಲಸ, ದಿನವೂ ಬಸ್ಸಿನ ಓಡಾಟ. ಮಾಮನಿಗೆ ಊರಾಚೆ ಬಾವಿಯ ಸುತ್ತ ಒಂದಿಷ್ಟು ಭೂಮಿ, ಅದರಲ್ಲಿ ಅರಿಸಿನ, ಚೆಂಡುಹೂವು. ಅವನಿಗೆ ಬುತ್ತಿ ಕೊಡಲು ಹೋದಾಗ ಹುಡುಕುವ ಕಷ್ಟವಿರಲಿಲ್ಲ. ಬೀಡಿಯ ವಾಸನೆ ಹಿಡಿದು ನಡೆದರೆ ಮಾಮ ಸಿಗುತ್ತಿದ್ದ. ಆಮೇಲಾಮೇಲೆ ವಾಸನೆಯೂ ಬೇಡವಾಯಿತು, ಕೆಮ್ಮೇ ಕರೆಯುತ್ತಿತ್ತು.

ಬೀಡಿಯ ಕಟ್ಟನ್ನು ಅವನು ಅಡಗಿಸಿಡದ ಜಾಗವಿರಲಿಲ್ಲ. ಅಟ್ಟದ ಮೇಲೆ, ಅರಿಸಿನದ ಮೂಟೆಯೊಳಗೆ, ಒಂದು ಸಲ ದೇವರ ಗೂಡಿನಲ್ಲಿ ಕರ್ಪೂರದ ಡಬ್ಬಿಯ ಹಿಂದೆ. ಅತ್ತೆ ಹುಡುಕಿ ತೆಗೆದು ಒಲೆಗೆ ಹಾಕುವಳು.

"ಒಲೆನೇ ಸೇದ್ಲಿ ಬುಡು, ಅದ್ಕೆ ಕೆಮ್ಮು ಬರಕಿಲ್ಲ" ಎನ್ನುವಳು.

"ಅಯ್ಯೋ ಪಾಪಿ, ಪೂರಾ ಕಟ್ಟು ಕಣೇ ಅದು!" ಎಂದು ಮಾಮ ಒಲೆಯ ಮುಂದೆ ಕೂತು ಆ ಹೊಗೆಯನ್ನೇ ಮೂಗರಳಿಸಿ ಎಳೆದುಕೊಳ್ಳುವನು.

ಒಂದು ದಿನ ಬಾವಿಕಟ್ಟೆಯಿಂದ ಮನೆಗೆ ಬರುವ ದಾರಿಯಲ್ಲಿ ಅವನು ಬೇಲಿ ಹಿಡಿದು ನಿಂತುಬಿಟ್ಟ. ಚಾಮರಾಜನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, "ಹೋಗಿರೋದು ಹೋಯ್ತು. ಅದನ್ನ ನಾನು ತಂದುಕೊಡಲಾರೆ. ಇವತ್ತೇ ಬಿಟ್ಟರೆ ಉಳಿದಿರೋದು ಉಳಿಯುತ್ತೆ" ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಮಾಮ ಕಿಟಕಿಯಾಚೆ ನೋಡುತ್ತಾ, "ಇನ್ನೂ ಒಸಿ ದಿನ ಇರ್ಬೇಕು ಕಣಮ್ಮಿ. ನಿಮ್ಮತ್ತೆಗೆ ನಾನ್ಬುಟ್ರೆ ಬೈಯಕ್ಕೆ ಯಾರವ್ರೆ?" ಎಂದ. ಅದು ತಮಾಷೆಯಲ್ಲ ಎಂದು ನನಗೆ ಗೊತ್ತಾಯಿತು.

ಬೀಡಿಯ ಬದಲು ಲವಂಗ ಅಗಿದ, ಎಲೆ ಅಡಿಕೆ ಹಾಕಿದ, ಸುಮ್ಮನೆ ಒಂದು ಕಡ್ಡಿ ಕಚ್ಚಿಕೊಂಡು ತಿರುಗಿದ. ಯಾವುದೂ ಎರಡು ದಿನ ದಾಟಲಿಲ್ಲ.

ಆಗ ಬಂದರು ಭಾಯಿ. ಗುಂಡ್ಲುಪೇಟೆಯಲ್ಲಿ ಬಾಳೆಕಾಯಿ ವ್ಯಾಪಾರ ಮಾಡುತ್ತಿದ್ದ ಮಾಮನ ಗೆಳೆಯ. ಮನೆಯೊಳಗೆ ಉರ್ದು, ತೋಟದಲ್ಲಿ ನಮ್ಮ ಕನ್ನಡ, ಗಡಿ ದಾಟಿದರೆ ಮಲಯಾಳ. ಅವರ ಅಳಿಯ ದುಬೈಯಲ್ಲಿದ್ದ. ರಜೆಗೆ ಬಂದಾಗ ಮಾವನಿಗೆಂದು ತಂದ ವಸ್ತುವನ್ನು ಭಾಯಿ ಮಾಮನಿಗೆ ಕೊಡಲು ಬಂದಿದ್ದರು. ಜಗಲಿಯಲ್ಲಿ ಕೂತು ಕನ್ನಡಕದ ಪೆಟ್ಟಿಗೆಯಂಥ ಒಂದು ಪೆಟ್ಟಿಗೆ ತೆರೆದರು. ಒಳಗೆ ಬಿಳಿಯ ಸಿಗರೇಟು, ಆದರೆ ಲೋಹದ್ದು. ಸೇದಿದರೆ ತುದಿಯಲ್ಲಿ ಕೆಂಪು ದೀಪ ಹತ್ತುತ್ತಿತ್ತು, ಬಾಯಿಂದ ಬಿಳಿ ಹೊಗೆ ಬರುತ್ತಿತ್ತು. ಹಿಂಬದಿಗೆ ಸಿಕ್ಕಿಸಲು ಬೆರಳ ತುದಿಯಷ್ಟು ಪುಟ್ಟ ಪುಟ್ಟ ಕೊಳವೆಗಳು, ಅವುಗಳೊಳಗೆ ಏನೋ ದ್ರವದಲ್ಲಿ ನೆನೆದ ಹತ್ತಿ.

"ಹೊಗೆ ಅಲ್ಲ ಅಣ್ಣ ಇದು, ಹಬೆ. ನೆಗಡಿ ಬಂದ್ರೆ ತಗೋತೀವಲ್ಲ, ಅಂಥದ್ದೇ. ಅಲ್ಲಿ ದೊಡ್ಡ್ ದೊಡ್ಡೋರೆಲ್ಲ ಬೀಡಿ ಬಿಡಕ್ಕೆ ಇದೇ ಸೇದ್ತಾರಂತೆ" ಎಂದರು ಭಾಯಿ.

ಅತ್ತೆ ಬಾಗಿಲಲ್ಲಿ ನಿಂತು, "ಬೆಂಕಿ ಎಲ್ಲದೆ?" ಎಂದಳು.

"ಬೆಂಕಿನೇ ಇಲ್ಲ ತಂಗಿ. ಕರೆಂಟು."

"ಕರೆಂಟ? ಬಾಯ್ಗೆ ಹೊಡೆದ್ರೆ?"

"ಹೊಡೀಲಿ ಬುಡೇ, ನೀನು ಹೊಡಿಯದು ತಪ್ತದೆ" ಎಂದು ಮಾಮ ಒಂದು ದಮ್ಮು ಎಳೆದ. ಕೆಮ್ಮು ಬರಲಿಲ್ಲ. ಮೂವರೂ ಅವನ ಮುಖವನ್ನೇ ನೋಡುತ್ತಿದ್ದೆವು. "ಗಂಟ್ಲಲ್ಲಿ ತಟ್ತದೆ ಕಣ್ ಭಾಯಿ" ಎಂದ, ಕಳೆದುಹೋದ ಎತ್ತು ತಾನಾಗಿ ಕೊಟ್ಟಿಗೆಗೆ ಬಂದಂತೆ.

ಅಲ್ಲಿಂದ ಮುಂದೆ ಸುಮಾರು ಎರಡು ತಿಂಗಳು ನಮ್ಮ ಮನೆಯ ಒಳ್ಳೆಯ ದಿನಗಳು. ಕರೆಂಟು ಬಂದಾಗ ಅವನ ಮೊದಲ ಕೆಲಸ ಬಾವಿಯ ಮೋಟಾರು ಹಾಕುವುದಾಗಿತ್ತು. ಈಗ ಮೊದಲು ಈ ಕರೆಂಟು ಬೀಡಿಯನ್ನು ಪ್ಲಗ್ಗಿಗೆ ಹಾಕಿ ಆಮೇಲೆ ಬಾವಿಗೆ ಓಡುತ್ತಿದ್ದ. "ನಿನ್ ಬೀಡಿಗೂ ತ್ರೀಫೇಸ್ ಬೇಕೇನ್ಲಾ?" ಎಂದು ಪಕ್ಕದ ಹೊಲದವರು ಕೆಣಕುತ್ತಿದ್ದರು. ಅತ್ತೆ ಒಲೆಗೆ ಹಾಕಲು ಏನೂ ಸಿಗದೆ, ಅಭ್ಯಾಸಬಲದಿಂದ ಮೂಟೆಗಳಲ್ಲಿ ಕೈಯಾಡಿಸಿ ಖಾಲಿ ಕೈ ನೋಡಿಕೊಂಡು ನಗುತ್ತಿದ್ದಳು.

ಡಾಕ್ಟರಿಗೆ ತೋರಿಸಲು ಮತ್ತೆ ಚಾಮರಾಜನಗರಕ್ಕೆ ಹೊರಟೆವು. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ ಎಂಬ ನಿಯಮ ಬಂದು ಹೆಚ್ಚು ಕಾಲವಾಗಿರಲಿಲ್ಲ. ಬಸ್ಸಿನಲ್ಲೂ ಬೋರ್ಡು ಬರೆದಿದ್ದರು. ಮಾಮ ಅದರ ಕೆಳಗೇ ಕೂತು ದೀಪ ಹೊತ್ತಿಸಿದ.

ಕಂಡಕ್ಟರು ಬಂದವನೇ, "ಯಜಮಾನ್ರೆ, ಆರ್ಸಿ ಅದ್ನ" ಎಂದ.

"ಹೆಂಗ್ ಆರ್ಸನ್ಲಾ? ಅಂಟ್ಸಿದ್ರೆ ತಾನೆ ಆರ್ಸದು?"

ಕಂಡಕ್ಟರು ಅದನ್ನು ಇಸಿದುಕೊಂಡು ತುದಿ ಮುಟ್ಟಿದ. ತಣ್ಣಗಿತ್ತು. ಬುಡ ಮೂಸಿದ. ಬೋರ್ಡು ನೋಡಿದ. "ಬೆಂಕಿ ಇಲ್ಲ, ಬೂದಿ ಇಲ್ಲ. ಏನಂತ ಫೈನ್ ಹಾಕ್ಲಿ ನಾನು? ಬ್ಯಾಟ್ರಿ ಸೇದ್ತಿದ್ದ ಅಂತ್ಲ?"

"ಮುಂದಕ್ ಕೂರ್ಸು ಅವ್ರನ್ನ, ಹೆಡ್‌ಲೈಟ್ ಕೆಟ್ರೆ ಬೇಕಾಯ್ತರೆ" ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು. ಬಸ್ಸೆಲ್ಲ ನಕ್ಕಿತು. ಮಾಮ ದೊರೆಯಂತೆ ಸೇದುತ್ತಾ ಕೂತ.

ಡಾಕ್ಟರು ನಗಲಿಲ್ಲ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನನ್ನು ಕೇಳಿದರು: "ಇದರೊಳಗೆ ಏನಿದೆ?" ಪೆಟ್ಟಿಗೆಯ ಮೇಲೆ ಚೀನೀ ಅಕ್ಷರಗಳು, ಅಲ್ಲಲ್ಲಿ ಇಂಗ್ಲಿಷು. ನಿಕೋಟಿನ್ ಎಂಬ ಒಂದು ಮಾತು ಬಿಟ್ಟರೆ ಮತ್ತೇನೂ ಅದರಿಂದ ತಿಳಿಯುತ್ತಿರಲಿಲ್ಲ. "ನಾನು ಇದನ್ನ ನೋಡ್ತಿರೋದೇ ಮೊದಲು. ಔಷಧಿಯಾಗಿದ್ದರೆ ಔಷಧಿಯವರು ಪರೀಕ್ಷೆ ಮಾಡಿರುತ್ತಿದ್ದರು. ತಂಬಾಕಾಗಿದ್ದರೆ ಮೇಲೆ ಎಚ್ಚರಿಕೆಯಾದರೂ ಇರುತ್ತಿತ್ತು. ಇದು ಎರಡೂ ಅಲ್ಲ. ಬೀಡಿಗಿಂತ ವಾಸಿ ಅಂತ ಹೇಳಲಾರೆ, ಕೆಟ್ಟದ್ದು ಅಂತಲೂ ಹೇಳಲಾರೆ. ನಿಮ್ಮ ಎದೆಗೆ ಗಾಳಿ ಬಿಟ್ಟು ಬೇರೇನೂ ಬೇಡ, ಅಷ್ಟು ಗೊತ್ತು" ಎಂದರು. ಹೊರಗೆ ಬಂದು ಮಾಮ, "ಕೆಟ್ಟದ್ದು ಅನ್ನಕಾಯಕಿಲ್ಲ ಅಂದ್ರಲ್ಲ, ಕೇಳುಸ್ಕಂಡ್ಯ?" ಎಂದ. ಅವನಿಗೆ ಬೇಕಾದ ಅರ್ಧವನ್ನು ಅವನು ಎತ್ತಿಟ್ಟುಕೊಂಡಿದ್ದ.

ಕೊಳವೆಗಳು ಮುಗಿಯುತ್ತಾ ಬಂದವು. ಭಾಯಿಯ ಅಳಿಯ ಇನ್ನೊಂದಿಷ್ಟನ್ನು ಗೆಳೆಯನೊಬ್ಬನ ಕೈಲಿ ಕಳಿಸಿದ. ಆ ಗೆಳೆಯನನ್ನು ವಿಮಾನ ನಿಲ್ದಾಣದಲ್ಲಿ ಇದೇನು ಎಂದು ಕೇಳಿದರಂತೆ. ಅವನಿಗೆ ಹೇಳಲು ಬರಲಿಲ್ಲ. ಹೆದರಿ ಅಲ್ಲೇ ಬಿಟ್ಟು ಬಂದ. ನಾನು ಚಾಮರಾಜನಗರದ ಮೆಡಿಕಲ್ ಅಂಗಡಿಗಳಲ್ಲಿ ಕೇಳಿದೆ, ಭಾಯಿ ಗುಂಡ್ಲುಪೇಟೆಯಲ್ಲಿ ಕೇಳಿದರು. ಕೆಲವರು ಆಟದ ಸಾಮಾನಿನ ಅಂಗಡಿ ತೋರಿಸಿದರು. ಅತ್ತ ಮಾಮ ಖಾಲಿ ಕೊಳವೆಯನ್ನೇ ಚೀಪುತ್ತಾ, ಊಟಕ್ಕೆ ಕೂತಲ್ಲಿ ತಟ್ಟೆ ತಳ್ಳುತ್ತಾ, ಎಲ್ಲರ ಮೇಲೂ ರೇಗುತ್ತಾ ಇದ್ದ. ಬೀಡಿ ಮಾತ್ರ ಮುಟ್ಟಲಿಲ್ಲ. ಅಷ್ಟು ಹಟ ಅವನಲ್ಲಿ ಇತ್ತೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಪೆಟ್ಟಿಗೆಯನ್ನು ನನ್ನ ಮುಂದಿಟ್ಟು, "ಒಳ್ಗೆ ಏನದೆ ಅಂತ ಬರ್ದವ್ರೆ, ಸರ್ಯಾಗ್ ಓದಮ್ಮಿ" ಎಂದ.

"ನಿಕೋಟಿನ್ ಅಂತ ಅದೆ ಮಾಮ. ಹೊಗೆಸೊಪ್ಪಿನ ಸತ್ವ."

ಅವನ ಮುಖ ಅರಳಿತು. "ಥತ್! ಅದ ದುಬೈಯಿಂದ ತರುಸ್ತಿದ್ದದ್ದು? ನಮ್ ಪೀಪಾಯ್‌ಲೇ ಅದಲ್ಲ!"

ನಮ್ಮ ಕಡೆ ಚೆಂಡುಹೂವಿಗೆ ಹೇನು ಬಿದ್ದರೆ ಅಂಗಡಿಯ ಔಷಧಿಗೆ ಓಡುವ ಮೊದಲು ಮನೆಯಲ್ಲೇ ಕಷಾಯ ಮಾಡುವುದು ರೂಢಿ. ಹೊಗೆಸೊಪ್ಪಿನ ದಂಟು, ಪುಡಿಯನ್ನು ಪೀಪಾಯಿಯಲ್ಲಿ ನೆನೆಹಾಕಿ, ಕುದಿಸಿ, ಸೋಸಿ, ಸೋಪು ಕದಡಿ ಗಿಡಕ್ಕೆ ಹೊಡೆಯುತ್ತಾರೆ. ಹೇನು ಉದುರಿಹೋಗುತ್ತದೆ. ಊರಿನಲ್ಲಿ ಆ ಕಷಾಯಕ್ಕೆ ಮಾಮನದೇ ಕೈ ಎಂಬ ಹೆಸರಿತ್ತು. ಹೊಗೆಸೊಪ್ಪಿನಿಂದ ಸತ್ವ ಇಳಿಸುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನಾನು ಸೋಮವಾರ ಕೆಲಸಕ್ಕೆ ಹೋದ ಮೇಲೆ ಸೇದಲೆಂದೇ ಅದನ್ನು ಮಾಡಿದ್ದಾನೆ. ಸಣ್ಣ ಪಾತ್ರೆಯಲ್ಲಿ, ತುಂಬ ಹೊತ್ತು ಕುದಿಸಿ. ಸೋಸಿಕೊಟ್ಟವಳು ಅತ್ತೆ, ತನ್ನ ಹಳೆಯ ಸೀರೆಯ ಬಟ್ಟೆಯಲ್ಲಿ, ಮಗುವಿಗೆ ಔಷಧಿ ಸೋಸುವ ಹಾಗೆ ಎರಡೆರಡು ಸಲ. ಬೀಡಿ ಒಂದು ಮತ್ತೆ ಬಾರದಿದ್ದರೆ ಸಾಕಾಗಿತ್ತು ಅವಳಿಗೆ. ಕೊಳವೆಯ ಹತ್ತಿಗೆ ಅದನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಮಾಮ ಹೂವಿನ ಸಾಲಿನ ನಡುವೆ ಕೂತು ಸೇದಿದ. ಮೊದಲು ಚೆನ್ನಾಗಿದೆ ಎಂದನಂತೆ. ದೀಪ ಸರಿಯಾಗಿ ಹತ್ತಲಿಲ್ಲವೆಂದು ಬಲವಾಗಿ ಚೀಪಿದನಂತೆ. ಆಮೇಲೆ ಬೆವರು, ವಾಂತಿ, ಕೈಕಾಲಿನ ನಡುಕ. ಹೂವು ಕೊಯ್ಯುತ್ತಿದ್ದ ಹೆಂಗಸರು ಎತ್ತಿ ತಂದು ರಸ್ತೆಗೆ ಹಾಕಿದರು. ಭಾಯಿಯ ಬಾಳೆಕಾಯಿ ಟೆಂಪೋದಲ್ಲಿ ಗುಂಡ್ಲುಪೇಟೆಯ ಆಸ್ಪತ್ರೆಗೆ ಒಯ್ದರು.

ನಾನು ಹೋಗಿ ಸೇರುವಷ್ಟರಲ್ಲಿ ಜೀವಕ್ಕೆ ಅಪಾಯವಿಲ್ಲ ಎಂದಿದ್ದರು. ಆದರೆ ಹೂವಿಗೆ ಹೊಡೆಯುವ ಕಷಾಯ ಎಂದು ಅತ್ತೆ ಹೇಳಿದ್ದೇ ವಿಷದ ಕೇಸಾಗಿ, ಪೊಲೀಸಿನವನೊಬ್ಬ ಮಂಚದ ಪಕ್ಕ ನಿಂತಿದ್ದ.

"ಯಾಕ್ ಕುಡ್ದೆ? ಮನೇಲಿ ಏನಾರ ಜಗಳವ?"

ಮಾಮ ಆಮ್ಲಜನಕದ ಮುಸುಕು ಸರಿಸಿ, "ಕುಡಿನಿಲ್ಲ ಸ್ವಾಮಿ. ಸೇದ್ದೆ" ಎಂದ.

"ಹೇನಿನ ಔಸ್ದಿನ ಸೇದ್ಬುಟ್ಯ?"

"ಸೋಪು ಹಾಕಿರ್ನಿಲ್ಲ ಸ್ವಾಮಿ. ಅಷ್ಟ್ ಪೆದ್ದ ಅಲ್ಲ ನಾನು."

ಪೊಲೀಸಿನವನು ನನ್ನ ಕಡೆ ನೋಡಿ, "ಯಾವ್ದ್ರಲ್ಲಿ ಹಾಕನವ್ವ ಇದ್ನ? ವಿಷ ಕುಡ್ದೋರು ಗೊತ್ತು, ಸಾರಾಯ್ ಕುಡ್ದೋರು ಗೊತ್ತು" ಎಂದು ತಲೆ ಕೆರೆದುಕೊಂಡು, ಆಕಸ್ಮಿಕ ಎಂದು ಬರೆದುಕೊಂಡು ಹೋದ. ವಾರ್ಡಿನ ಆಚೆ ಭಾಯಿ ಗೋಡೆಗೆ ಮುಖಮಾಡಿ ಕೂತು ಅಳುತ್ತಿದ್ದರು. ಅತ್ತೆ ಹೋಗಿ ಅವರ ಪಕ್ಕ ಕೂತಳು. "ನೀವ್ ತಂದ್ಕೊಟ್ರಿ, ನಾನ್ ಸೋಸ್ಕೊಟ್ಟೆ. ಅಳ್ಬೇಡಿ ಭಾಯಿ" ಎಂದಳು.

ಮಾಮ ಮನೆಗೆ ಬಂದ, ಬಾವಿಯವರೆಗೆ ಮತ್ತೆ ನಡೆಯಲಿಲ್ಲ. ಉಳಿಯುತ್ತದೆ ಎಂದಿದ್ದ ಉಸಿರು ಉಳಿಯಲಿಲ್ಲ. ಚಾಮರಾಜನಗರದ ಡಾಕ್ಟರು ಹೊಸ ಫೋಟೋ ನೋಡಿ, ಇಷ್ಟು ಹಾಳಾದದ್ದು ಬೀಡಿಯಿಂದಲೋ, ಕಷಾಯದಿಂದಲೋ, ಮೊದಲಿನ ಆ ಹಬೆಯಿಂದಲೋ ಯಾರೂ ಬಿಡಿಸಿ ಹೇಳಲಾರರು ಎಂದರು. ಅವನು ಜಗಲಿಯ ಗೋಡೆಗೆ ಒರಗಿ ದಿನವಿಡೀ ಕೂತಿರುತ್ತಿದ್ದ. ಸುತ್ತಿಕೊಂಡು ಬರುವ ಮಾತುಗಳೆಲ್ಲ ನಿಂತವು. ಎರಡು ಮಾತಿಗೆ ಉಸಿರು ಸಾಲದು. ಏನನ್ನೂ ಬೇಕೆಂದು ಕೇಳುತ್ತಿರಲಿಲ್ಲ. ಎರಡು ಬೆರಳು ಮಾತ್ರ ತೊಡೆಯ ಮೇಲೆ ಏನನ್ನೋ ಹಿಡಿದಂತೆ ಆಡುತ್ತಿದ್ದವು.

ಅತ್ತೆ ಅದನ್ನು ಎಷ್ಟೋ ದಿನ ನೋಡಿದಳು. ಒಂದು ಬೆಳಿಗ್ಗೆ ಸೆರಗು ಹೊದ್ದು ಬಸ್ ಸ್ಟಾಪಿನ ಪೆಟ್ಟಿಗೆ ಅಂಗಡಿಗೆ ತಾನೇ ಹೋಗಿ, ಅಲ್ಲಿ ನಿಂತಿದ್ದ ಗಂಡಸರೆಲ್ಲರ ಮುಂದೆ ಒಂದು ಕಟ್ಟು ಬೀಡಿ ಕೇಳಿದಳು.

"ಯಾರ್ಗವ್ವ? ನಿಂಗಾ?" ಎಂದು ಅಂಗಡಿಯವನು ಹಲ್ಲು ಬಿಟ್ಟ.

"ಹೂಂ ಕಣ್ಲಾ, ನಂಗೇಯ. ಬೆಂಕಿಪೊಟ್ನನೂ ಕೊಡು."

ನಾನು ಬಸ್ಸಿಗೆ ಹೊರಟು ನಿಂತಿದ್ದವಳು, "ಅತ್ತೆ, ಡಾಕ್ಟರು ಏನಂದವ್ರೆ..." ಎಂದೆ. "ಇದ್ರಲ್ಲಿ ಏನದೆ ಅಂತ ನಂಗೊತ್ತು ಕಣಮ್ಮಿ, ಅದ್ರಲ್ಲಿ ಯಾರ್ಗೂ ಗೊತ್ತಿರ್ನಿಲ್ಲ. ಹೆಂಗೂ ಹೋಗದೇ ಆದ್ರೆ ಗೊತ್ತಿರದ್ರಲ್ಲೇ ಹೋಗ್ಲಿ" ಎಂದಳು.

ಮನೆಗೆ ಬಂದು ಒಂದನ್ನು ಮಾಮನ ತುಟಿಗೆ ಇಟ್ಟು ಕಡ್ಡಿ ಗೀರಿದಳು. ಬೀಡಿ ಎಳೆದರೆ ಮಾತ್ರ ಉರಿಯುವ ವಸ್ತು. ಅವನಿಗೆ ಎಳೆಯಲು ಉಸಿರಿರಲಿಲ್ಲ. ಹತ್ತಿತು, ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಕೊನೆಗೆ ಅದನ್ನು ತನ್ನ ಬಾಯಿಗಿಟ್ಟು, ಕೆನ್ನೆ ಒಳಗೆ ಹೋಗುವ ಹಾಗೆ ಎಳೆದು, ಕೆಂಡ ಮಾಡಿ, ಕೆಮ್ಮುತ್ತಾ ಅವನ ಬೆರಳಿಗೆ ಕೊಟ್ಟಳು. ಅವನು ತೀರಿಕೊಳ್ಳುವವರೆಗೆ ದಿನವೂ ಹೀಗೇ ನಡೆಯಿತು. ತೀರಿಕೊಂಡ ಮೇಲೆ ಬೀಡಿ ಅವಳಿಗೆ ಬೇಕಾಯಿತು.

ಎಷ್ಟೋ ವರ್ಷಗಳಾದ ಮೇಲೆ, ಆ ಕರೆಂಟಿನ ಸಿಗರೇಟನ್ನು ಮಾರಕೂಡದು, ಇಟ್ಟುಕೊಳ್ಳಕೂಡದು ಎಂದು ಸರ್ಕಾರ ಕಾನೂನು ತಂದದ್ದು ಪೇಪರಿನಲ್ಲಿ ಬಂತು. ಅತ್ತೆಗೆ ಓದಿ ಹೇಳಿದೆ.

"ಏನ, ಬೀಡಿನ ನಿಲ್ಲುಸ್ಬುಟ್ರ?" ಎಂದು ಗಾಬರಿಯಿಂದ ಕೇಳಿದಳು.

"ಬೀಡಿ ಅಲ್ಲ ಅತ್ತೆ, ಕರೆಂಟಿಂದು."

"ಓ" ಎಂದಳು. ಕೆಮ್ಮು ಇಳಿಯುವವರೆಗೆ ಎದೆ ಹಿಡಿದುಕೊಂಡು ಕಾದು, ಸೊಂಟದ ಚೀಲದಿಂದ ಒಂದನ್ನು ತೆಗೆದು ಹಚ್ಚಿಕೊಂಡಳು.