ಸಾವಿಲ್ಲದ ಮನೆಗೆ ಹೋದ ಬುತ್ತಿ

ರಾಯಿಕೋಡಿನ ಗಂಡಸರು ಬಂಡಮ್ಮನ ನಾಲಿಗೆಗೆ ಹೆದರುತ್ತಿದ್ದರು, ಹೆದರಬೇಕಾದ್ದೇ. ನಿಜಾಮರ ಕಾಲ, ಪಟೇಲರ ಮುಂದೆ ತಲೆ ಎತ್ತಿದರೆ ತಪ್ಪು. ಆಕೆ ತಲೆ ಎತ್ತಿಕೊಂಡೇ ಹುಟ್ಟಿದವಳು.

ಪಕ್ಕದ ಮನೆಯ ಈಶಮ್ಮ ಆಕೆಯ ಗೆಳತಿ. ಒಂದೇ ಬೀಸುಕಲ್ಲಿಗೆ ಎದುರುಬದುರು ಕೂತವರು ಇಬ್ಬರೂ. ಆ ಈಶಮ್ಮ ಮೂವತ್ತೈದನೆಯ ವಯಸ್ಸಿನಲ್ಲಿ, ತೊಗರಿ ಸುಗ್ಗಿ ಮುಗಿದ ಮೇಲೆ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಜ್ವರವಿಲ್ಲ, ನೋವಿಲ್ಲ, ಮನೆಯಲ್ಲಿ ಸಾವಾಗಿಲ್ಲ. ತಲೆ ಬಾಚಲಿಲ್ಲ, ಹಸಿವು ಎನ್ನಲಿಲ್ಲ. ಕೆಲವರು ಸೊಕ್ಕು ಎಂದರು. ಉಂಡವರಿಗೆ ಬರುವ ಸೊಕ್ಕು ಉಣ್ಣದವಳಿಗೆ ಎಲ್ಲಿಂದ ಬರಬೇಕು, ಹೇಳಿ.

ಗಂಡ ಮೊಗಲಪ್ಪ ಕೆಟ್ಟವನಲ್ಲ, ದಿಕ್ಕು ತೋಚದವನು. ಮಂತ್ರ ಹಾಕುವ ಬಕ್ಕಪ್ಪನನ್ನು ಕರೆತಂದ. ದೆವ್ವ ಹಿಡಿದಿದೆ, ಉಪ್ಪು ಖಾರ ತಿಂದು ಕೊಬ್ಬುತ್ತಿದೆ. ನಲವತ್ತು ದಿನ ಒಂದೇ ಹೊತ್ತು ಉಪ್ಪಿಲ್ಲದ ಗಂಜಿ ಕೊಡಿ, ಯಾರೂ ಮಾತಾಡಿಸಬೇಡಿ ಎಂದ ಅವನು. ಹತ್ತನೇ ದಿನಕ್ಕೆ ಈಶಮ್ಮನ ಬಳೆಗಳು ಮೊಣಕೈತನಕ ಜಾರತೊಡಗಿದವು. ಇವಳು ನಲವತ್ತನೇ ದಿನ ಮುಟ್ಟುವುದಿಲ್ಲ ಎಂದು ಬಂಡಮ್ಮನಿಗೆ ಅನ್ನಿಸಿತು. ಎರಡು ಸಲ ಊಟ ಒಯ್ದಳು. ಎರಡು ಸಲವೂ ಮೊಗಲಪ್ಪ ಬಾಗಿಲಲ್ಲೇ ಕೈ ಮುಗಿದು ತಿರುಗಿಸಿದ.

ಊರಲ್ಲೊಂದು ರೂಢಿಯಿತ್ತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬಳಗದವರು ಬಿಳಿ ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿ ಬುತ್ತಿ ತಂದು, ಪಕ್ಕದಲ್ಲಿ ಕೂತು ಉಣ್ಣಿಸುತ್ತಾರೆ. ಆ ಬುತ್ತಿಯನ್ನು ತಿರುಗಿಸಿದರೆ ಅದೇ ಮನೆಯಲ್ಲಿ ಇನ್ನೊಂದು ಸಾವು ಎಂಬ ನಂಬಿಕೆ. ಮರುದಿನ ಬಂಡಮ್ಮ ಹಾಡುಹಗಲೇ ಬಿಳಿ ಬಟ್ಟೆಯ ಬುಟ್ಟಿ ಹೊತ್ತು ನಡೆದಳು. ಒಳಗೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಅಗಸಿ ಹಿಂಡಿ, ಗಟ್ಟಿ ಬೇಳೆ. ನೋಡಿದವರು ಬಾಯಿ ಮೇಲೆ ಕೈ ಇಟ್ಟುಕೊಂಡರು.

"ಯಕ್ಕಾ, ನಮ್ಮ ಮನ್ಯಾಗ ಯಾರ ಸತ್ತಾರ?" ಮೊಗಲಪ್ಪ ಬಾಗಿಲಿಗೆ ಅಡ್ಡ ಬಂದ.

"ಇನ್ನಾ ಯಾರೂ ಸತ್ತಿಲ್ಲ. ಸತ್ತ ಮ್ಯಾಲ ತರೋದು ನಿಮ್ಮ ರಿವಾಜು, ಸಾಯೋಕ್ಕಿಂತ ಮೊದಲ ತರೋದು ನಂದು. ತಿರುಗಿಸ್ತೀಯೇನು? ತಿರುಗಿಸು."

ಒಳಗಿದ್ದ ಬಕ್ಕಪ್ಪ ಹೊರಗೆ ಬಂದ. "ಅಪಶಕುನ ಮಾಡಾಕತ್ತೀ. ಆ ದೆವ್ವ ನಿನ್ನ ಹಿಡಿತಾದ."

"ಹಿಡೀಲಿ ಬಿಡ್ರಿ. ನಮ್ಮ ಮನ್ಯಾಗ ಅದಕ್ಕೂ ರೊಟ್ಟಿ ಅದಾವ."

ಮೊಗಲಪ್ಪ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

ರೊಟ್ಟಿ ತಿಂದ ಕೂಡಲೇ ಮನಸ್ಸಿನ ಬೇನೆ ಓಡಿಹೋಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ದಿನ ಈಶಮ್ಮ ತಿಂದದ್ದು ಎರಡೇ ತುತ್ತು. ಕೆಲವು ದಿನ ಉಗುಳಿದಳು, ಕೆಲವು ದಿನ ಬರೀ ಅತ್ತಳು. ಬಂಡಮ್ಮ ಎರಡೂ ಹೊತ್ತು ಹೋದಳು, ಜೊತೆಗೆ ಕೂತು ತಾನೂ ಉಂಡಳು, ಊರ ಸುದ್ದಿ ಹೇಳಿದಳು. ಅಂಥ ನಾಲಿಗೆಯವಳು ಒಮ್ಮೆಯೂ "ಎದ್ದೇಳು" ಎಂದು ಗದರಿಸಲಿಲ್ಲ.

ಬಕ್ಕಪ್ಪ ಹೇಳಿದ ನಲವತ್ತನೇ ದಿನವೂ ಬಂತು. ಈಶಮ್ಮ ಬದುಕಿದ್ದಳು. ರೊಟ್ಟಿ ಮುರಿದು, ಪಲ್ಯ ಹಚ್ಚಿಕೊಂಡು ಬಾಯಿಗಿಟ್ಟಳು. ತುಸು ಹೊತ್ತು ಅಗಿದು, ಗೋಡೆ ಬಿಟ್ಟು ಈ ಕಡೆ ತಿರುಗಿದಳು.

"ಯಕ್ಕಾ, ಪಲ್ಯಕ್ಕ ಉಪ್ಪು ಕಡಿಮಿ ಆಗ್ಯಾದ."

ಬಂಡಮ್ಮನಿಗೆ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಒಲೆಯ ಪಕ್ಕದ ಉಪ್ಪಿನ ಗಡಿಗೆಯ ಕಡೆ ಕೈ ತೋರಿಸಿದಳು.

"ಹಂಗಾದ್ರ ನೀನೇ ಎದ್ದು ಹಾಕು."